ಹತ್ತು ನಿಮಿಷದ ಬಿಡುವು

ಟೌನ್ ಪ್ಲಾನಿಂಗ್ ಅಂದರೆ ನಮ್ಮ ನೆಂಟರ ಪಾಲಿಗೆ ಇವತ್ತಿಗೂ ಮನೆ ಪ್ಲಾನ್ ಹಾಕಿಕೊಡುವ ಕೆಲಸ. ‘ಒಂದು ಥರ್ಟಿ ಫಾರ್ಟಿ ಸೈಟಿದೆ, ವಾಸ್ತು ನೋಡಿ ಹಾಕಿಕೊಡಮ್ಮ’ ಅನ್ನುತ್ತಾರೆ. ಮೊದಮೊದಲು ಬಿಡಿಸಿ ಹೇಳುತ್ತಿದ್ದೆ, ಈಗ ಸುಮ್ನೆ ನಕ್ಕುಬಿಡುತ್ತೇನೆ. ಮಾನಸಗಂಗೋತ್ರಿಯಲ್ಲಿ ನಗರ ಯೋಜನೆ ಓದಿ, ಕೆಲವು ವರ್ಷ ಲೇಔಟು, ರಸ್ತೆ ಅಂತ ಓಡಾಡಿ, ಆಮೇಲೆ ಕಾಲೇಜು ಕ್ಯಾಂಪಸ್‌ಗಳ ಮಾಸ್ಟರ್ ಪ್ಲಾನ್ ಕಡೆಗೆ ಬಂದೆ. ಕ್ಯಾಂಪಸ್ಸೂ ಒಂದು ಊರೇ. ನೀರು, ಕರೆಂಟು, ಕಸ, ಬಸ್ಸು ತಿರುಗಿಸುವ ಜಾಗ ಎಲ್ಲ ಬೇಕು. ಒಂದೇ ವ್ಯತ್ಯಾಸ: ಇಲ್ಲಿ ಬೆಲ್ ಹೊಡೆದ ಕೂಡಲೇ ಊರಿಗೆ ಊರೇ ಎದ್ದು ಜಾಗ ಬದಲಿಸುತ್ತದೆ.

ಅದು ಒಂದು ಎಂಜಿನಿಯರಿಂಗ್ ಕಾಲೇಜು. ಹೆಸರು ಬೇಡ. ಆಡಳಿತ ಮಂಡಳಿಯವರಿಗೆ ಹೊಸ ಬ್ಲಾಕ್ ಹೈವೇ ಪಕ್ಕದಲ್ಲೇ ಬೇಕಿತ್ತು. ‘ಹೋಗೋ ಬರೋರಿಗೆ ಕಾಣಬೇಕು ಮೇಡಂ’ ಅಂದರು ಕಾರ್ಯದರ್ಶಿಗಳು. ಹಳೆಯ ಬ್ಲಾಕಿನಿಂದ ಅಲ್ಲಿಗೆ ಸುಮಾರು 700 ಮೀಟರ್. ಮಾಮೂಲಿ ನಡಿಗೆಯಲ್ಲಿ ನಿಮಿಷಕ್ಕೆ 80 ಮೀಟರ್ ಹೋಗಬಹುದು. ಅಂದರೆ ಒಂಬತ್ತು ನಿಮಿಷ ದಾರಿಗೇ ಬೇಕು. ಎರಡು ಪೀರಿಯಡ್ ನಡುವೆ ಬಿಡುವು ಇರುವುದೇ ಹತ್ತು. ಮೆಟ್ಟಿಲು ಹತ್ತುವುದು, ನೀರು ಕುಡಿಯುವುದು ಯಾವಾಗ? ‘ವಯಸ್ಸಿನ ಹುಡುಗ್ರು ಅಲ್ವಾ, ಓಡ್ತಾರೆ ಬಿಡಿ’ ಅಂತ ನಕ್ಕರು.

‘ಹಾಗಾದರೆ ನಾವೂ ಒಂದ್ಸಲ ನಡೆದು ನೋಡೋಣ ಸರ್’ ಅಂದೆ. ಏಪ್ರಿಲ್ ತಿಂಗಳು, ಮಟಮಟ ಮಧ್ಯಾಹ್ನ. ಕಾರು ತರಿಸುತ್ತೇನೆ ಅಂದವರನ್ನು ಪ್ರಿನ್ಸಿಪಾಲರೇ ತಡೆದರು, ಪುಣ್ಯಾತ್ಮರು. ಇಂಟರ್‌ಲಾಕ್ ಟೈಲ್ಸ್ ಹಾಕಿದ ದೊಡ್ಡ ರಸ್ತೆ. ಎರಡೂ ಕಡೆ ಸಾಲಾಗಿ ಪಾಮ್ ಗಿಡ. ನೋಡಲು ಚೆಂದ, ಆದರೆ ಒಂದರ ನೆರಳಲ್ಲೂ ಒಬ್ಬ ಮನುಷ್ಯ ನಿಲ್ಲುವ ಹಾಗಿಲ್ಲ. ಕಾಂಪೌಂಡ್ ಪಕ್ಕ ಮಾತ್ರ ಹಳೆಯ ಹೊಂಗೆ ಮರಗಳಿದ್ದವು. ಅವುಗಳ ಬುಡದಲ್ಲಿ ಹುಲ್ಲು ಸವೆದು, ಮಣ್ಣು ಗಟ್ಟಿಯಾಗಿ, ಎರಡಡಿ ಅಗಲದ ಕಾಲುದಾರಿ ಬಿದ್ದಿತ್ತು. ದಾರಿ ಸುತ್ತು. ಪಕ್ಕದಲ್ಲೇ ‘ಹುಲ್ಲಿನ ಮೇಲೆ ನಡೆಯಬಾರದು’ ಬೋರ್ಡು. ಆದರೂ ಹುಡುಗರೆಲ್ಲ ಅಲ್ಲೇ ಹೋಗುತ್ತಿದ್ದರು. ಅರ್ಧ ದಾರಿಗೆ ಕಾರ್ಯದರ್ಶಿಗಳೂ ಕರ್ಚೀಫು ತಲೆಗೆ ಹಾಕಿಕೊಂಡು ಹೊಂಗೆ ಸಾಲಿಗೇ ಸರಿದರು.

ಬೆಂಗಳೂರಿನ ಐಐಎಂ ನೋಡಿದವರಿಗೆ ನೆರಳಿನ ದಾರಿಯ ಬೆಲೆ ಗೊತ್ತಿರುತ್ತದೆ. ಅದನ್ನು ವಿನ್ಯಾಸ ಮಾಡಿದ ವಾಸ್ತುಶಿಲ್ಪಿ ಬಾಲಕೃಷ್ಣ ದೋಷಿ ಅಲ್ಲಿ ಕಲ್ಲಿನ ಗೋಡೆಗಳ ನಡುವೆ ಓಣಿಗಳಿಗೇ ಜಾಸ್ತಿ ಗಮನ ಕೊಟ್ಟಿದ್ದಾರೆ. ಬಳ್ಳಿ, ಜಂತಿಗಳ ನಡುವೆ ಸೋಸಿ ಬರುವ ಬಿಸಿಲಲ್ಲಿ ನಡೆಯುವುದೇ ಒಂದು ಸುಖ. ನಮ್ಮ ಕಾಲೇಜುಗಳು ಅಲ್ಲಿಂದ ಕಲ್ಲನ್ನಷ್ಟೇ ನಕಲು ಮಾಡುತ್ತವೆ.

ಹೈವೇ ಪಕ್ಕದ ಜಾಗ ತಲುಪಿದ ಮೇಲೆ ಇನ್ನೊಂದು ಪಂಚಾಯಿತಿ. ಬ್ಲಾಕಿನ ಬುನಾದಿ ಮೂರಡಿ ಎತ್ತರ. ಅವರ ಎಂಜಿನಿಯರ್ ಗಾಲಿಕುರ್ಚಿಗೆಂದು ಬರೆದಿದ್ದ ರ‍್ಯಾಂಪ್ ಹತ್ತಡಿ ಉದ್ದ! ಒಂದಡಿ ಏರಲು ಕಡಿಮೆಯೆಂದರೂ ಹನ್ನೆರಡು ಅಡಿ ಬೇಕು. ಬಾಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ಟೇಪ್ ಬಿಚ್ಚಿ 36 ಅಡಿ ನೆಲದ ಮೇಲೆ ಹಿಡಿದೆವು. ಮಂಡಿ ನೋವಿದ್ದ ಹಿರಿಯ ಟ್ರಸ್ಟಿಯೊಬ್ಬರು ಟೇಪಿನ ಗುಂಟ ಕೊನೆಯವರೆಗೂ ನಡೆದು, ‘ಮತ್ತೆ ಬುನಾದೀನೇ ತಗ್ಗಿಸಿದ್ರೆ?’ ಅಂದರು. ಅದೇ ಸರಿಯಾದ ಪ್ರಶ್ನೆ. ಮಳೆನೀರು ಬೇರೆ ಕಡೆ ಹರಿಯಲು ಚರಂಡಿ ಕೊಟ್ಟರೆ ಒಂದಡಿ ಸಾಕಿತ್ತು.

ಮುಂದಿನ ಸಭೆಯಲ್ಲಿ ಬ್ಲಾಕು ಹೊಂಗೆ ಸಾಲಿನ ಹಿಂದಕ್ಕೆ ಬಂತು, ಹಳೆಯ ಕಟ್ಟಡಕ್ಕೆ ಮೂರು ನಿಮಿಷದ ದಾರಿ. ಹೈವೇ ಪಕ್ಕದ ಜಾಗಕ್ಕೆ ಒಂದು ದೊಡ್ಡ ಕಮಾನು ಮಂಜೂರಾಯಿತು, ಬಣ್ಣಬಣ್ಣದ ಲೈಟಿನ ಸಮೇತ. ಅದಕ್ಕೆ ಮಾತ್ರ ಯಾರೂ ನನ್ನ ಅಭಿಪ್ರಾಯ ಕೇಳಲಿಲ್ಲ.