ಕಾಸರಗೋಡಿಗೆ ಹೊರಟಿದ್ದೀರಾ? ಊಟದ ಹೊತ್ತು ನೋಡಿಕೊಳ್ಳಿ

ಕಾಸರಗೋಡಿಗೆ ಹೋಗಿ ಬಂದೆ ಅಂದರೆ ಎಲ್ಲರೂ ಮೊದಲು ಬೇಕಲ ಕೋಟೆಯನ್ನೇ ಕೇಳುತ್ತಾರೆ. ಕೋಟೆ ಚೆನ್ನಾಗಿದೆ, ಖಂಡಿತ ನೋಡಿ. ಆದರೆ ಆ ಕಡೆ ಹೋಗಲು ನನಗೆ ಊಟವೊಂದೇ ಸಾಕು. ಪೆರ್ಲ, ಬದಿಯಡ್ಕ ಕಡೆಯ ಮನೆ ಅಡುಗೆ, ಪೇಟೆಯ ಸಣ್ಣ ಹೋಟೆಲಿನ ಬೆಳಗಿನ ತಿಂಡಿ, ಮಧ್ಯಾಹ್ನದ ಕುಚ್ಚಲಕ್ಕಿ ಅನ್ನ. ಇದಕ್ಕೆಲ್ಲ ದುಡ್ಡು ಜಾಸ್ತಿ ಬೇಡ. ಯಾವ ಹೊತ್ತಿಗೆ ಎಲ್ಲಿರಬೇಕು ಅನ್ನುವುದು ಗೊತ್ತಿದ್ದರೆ ಆಯ್ತು.

ಮೊದಲು ದಾರಿ. ಬೆಂಗಳೂರಿನಿಂದ ಕಾರಿನಲ್ಲಿ ಬರುವವರು ಮಂಗಳೂರಿನ ಟ್ರಾಫಿಕ್ಕಿಗೆ ಸಿಕ್ಕಿಕೊಂಡು ತಲಪಾಡಿ ಗಡಿ ದಾಟಲೇಬೇಕು ಅಂತೇನಿಲ್ಲ. ಕಲ್ಲಡ್ಕದಲ್ಲಿ ಒಂದು ಕೆ.ಟಿ. (ಕಲ್ಲಡ್ಕ ಟೀ) ಕುಡಿದು ಎಡಕ್ಕೆ ತಿರುಗಿ. ವಿಟ್ಲ, ಅಡ್ಯನಡ್ಕ ಆಗಿ ಅಡ್ಕಸ್ಥಳದ ಹತ್ತಿರ ಗಡಿ ದಾಟಿದರೆ ನೇರ ಪೆರ್ಲ, ಆಮೇಲೆ ಬದಿಯಡ್ಕ, ಚೆರ್ಕಳ. ಅಡಿಕೆ ತೋಟಗಳ ನಡುವಿನ ರಸ್ತೆ. ತಿರುವು ಜಾಸ್ತಿ, ವಾಂತಿ ಮಾಡುವ ಮಕ್ಕಳಿದ್ದರೆ ನಿಧಾನಕ್ಕೆ ಹೋಗಿ. ರೈಲಿನಲ್ಲಿ ಬರುವವರಿಗೆ ಬೆಂಗಳೂರು–ಕಣ್ಣೂರು ರಾತ್ರಿ ರೈಲು ಕಾಸರಗೋಡಿನಲ್ಲೇ ನಿಲ್ಲುತ್ತದೆ. ಮಂಗಳೂರಿನಿಂದ ಸುಮಾರು 50 ಕಿ.ಮೀ., ಎರಡೂ ರಾಜ್ಯದ ಸರ್ಕಾರಿ ಬಸ್ಸುಗಳು ಓಡಾಡುತ್ತಿರುತ್ತವೆ.

ಭಾಷೆಯ ಚಿಂತೆ ಬೇಡ. 1956ರಲ್ಲಿ ಕೇರಳಕ್ಕೆ ಸೇರುವವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಕನ್ನಡದಲ್ಲೇ ಮಾತಾಡಿಸಿ. ಹೋಟೆಲಿನ ಬೋರ್ಡು ಮಲಯಾಳದಲ್ಲಿ ಇದ್ದರೂ ಒಳಗೆ "ಏನುಂಟು ತಿಂಡಿ?" ಅಂತ ಕೇಳಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ. ಚಂದ್ರಗಿರಿ ಹೊಳೆ ದಾಟಿ ದಕ್ಷಿಣಕ್ಕೆ ಹೋದ ಹಾಗೆ ಕನ್ನಡ ಕಡಿಮೆ. ಊಟದ ರೀತಿಯೂ ಅಲ್ಲಿಂದ ಮಲಬಾರಿನ ಕಡೆ ವಾಲುತ್ತದೆ.

ಬೆಳಗಿನ ತಿಂಡಿಗೆ ರೂಮಿನ ಹೋಟೆಲನ್ನು ನಂಬಿ ಕೂರಬೇಡಿ. ಎಂಟರ ಒಳಗೆ ಬಸ್ ಸ್ಟ್ಯಾಂಡ್ ಹತ್ತಿರದ ಸಣ್ಣ ಸಸ್ಯಾಹಾರಿ ಹೋಟೆಲಿಗೆ ಹೋಗಿ. ಬನ್ಸ್, ಗೋಳಿಬಜೆ ಎಲ್ಲ ಕಡೆ ಇರುತ್ತದೆ. ನಾನು ಹೇಳುವುದು ಸಜ್ಜಿಗೆ ಅವಲಕ್ಕಿ. ಸಜ್ಜಿಗೆ ಅಂದರೆ ಇಲ್ಲಿ ಉಪ್ಪಿಟ್ಟು. ಬಿಸಿ ಸಜ್ಜಿಗೆಯ ಮೇಲೆ ತೆಂಗಿನಕಾಯಿ ತುರಿ, ಖಾರ ಕಲಸಿದ ತೆಳು ಅವಲಕ್ಕಿ ಹಾಕಿ ಕೊಡುತ್ತಾರೆ. ಎರಡನ್ನೂ ಕೈಯಲ್ಲೇ ಕಲಸಿ ತಿನ್ನಬೇಕು, ಅದೂ ಬೇಗ. ತಡ ಮಾಡಿದರೆ ಅವಲಕ್ಕಿ ಮೆತ್ತಗಾಗಿ ಗರಿಗರಿ ಹೋಗಿಬಿಡುತ್ತದೆ. ಪಕ್ಕದ ಹೋಟೆಲಿನಲ್ಲಿ ಪುಟ್ಟು, ಕಡಲೆ ಗಸಿಯೂ ಸಿಗುತ್ತದೆ. ಇಬ್ಬರಿದ್ದರೆ ಎರಡೂ ತರಿಸಿ ಹಂಚಿಕೊಳ್ಳಿ.

ಮನೆ ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಾವು ಉಳಿದುಕೊಂಡದ್ದು ಪೆರ್ಲದ ಹತ್ತಿರ, ಪರಿಚಯದವರ ತೋಟದ ಮನೆಯಲ್ಲಿ. ಮಳೆಗಾಲ. ಭರಣಿಯಲ್ಲಿ ಉಪ್ಪು ಹಾಕಿಟ್ಟ ಹಲಸಿನ ಸೊಳೆಯನ್ನು ಆ ಮನೆಯ ಅಕ್ಕ ಹಿಂದಿನ ದಿನವೇ ತೆಗೆದು, ನೀರು ಬದಲಿಸಿ ಬದಲಿಸಿ ಉಪ್ಪು ಬಿಡಿಸಿದ್ದರು. ಬೆಳಗ್ಗೆ ರೊಟ್ಟಿಗೆ ಅದನ್ನು ನೆನೆಸಿದ ಅಕ್ಕಿ, ತೆಂಗಿನಕಾಯಿ ಜೊತೆ ಗಟ್ಟಿಯಾಗಿ ರುಬ್ಬಿದರು. ಬಾಡಿಸಿದ ಬಾಳೆ ಎಲೆಯ ಮೇಲೆ ಒಂದು ಉಂಡೆ ಇಟ್ಟು, ಕೈಗೆ ನೀರು ಮುಟ್ಟಿಸಿಕೊಂಡು ತೆಳ್ಳಗೆ ತಟ್ಟಿದರು. ಎಲೆ ಸಮೇತ ಕಾವಲಿಗೆ ಕವುಚಿ ಹಾಕಿ ಮುಚ್ಚಿದರು. ಸ್ವಲ್ಪ ಹೊತ್ತಿಗೆ ಎಲೆಯ ಅಂಚು ತಾನೇ ಏಳುತ್ತದೆ. ಆಗ ಎಳೆದರೆ ರೊಟ್ಟಿಯ ಮೇಲೆ ಎಲೆಯ ಗೆರೆಗಳು ಹಾಗೇ ಮೂಡಿರುತ್ತವೆ. "ಬಿಸಿ ಇರುವಾಗಲೇ ತಿನ್ನಿ, ಆರಿದ ಮೇಲೆ ಇದಕ್ಕೆ ರುಚಿ ಇಲ್ಲ" ಅಂತ ಒಲೆಯ ಹತ್ತಿರವೇ ಮಣೆ ಹಾಕಿ ಕೂರಿಸಿದರು. ಮೇಲೆ ಒಂದು ಚಮಚ ತೆಂಗಿನೆಣ್ಣೆ, ಪಕ್ಕದಲ್ಲಿ ಜೋನಿ ಬೆಲ್ಲ.

ಮಧ್ಯಾಹ್ನಕ್ಕೆ ಸೌತೆಕಾಯಿಯ ಬೋಳುಹುಳಿ, ಒಂದೆಲಗದ ತಂಬುಳಿ, ಮಾವಿನ ಮಿಡಿ ಉಪ್ಪಿನಕಾಯಿ, ಮನೆಯ ಮಜ್ಜಿಗೆ. ಬೋಳುಹುಳಿಗೆ ತೆಂಗಿನಕಾಯಿ ಹಾಕುವುದಿಲ್ಲ. ಇಡೀ ರುಚಿ ನಿಂತಿರುವುದು ತೆಂಗಿನೆಣ್ಣೆಯಲ್ಲಿ ಕೆಂಪಗೆ ಹುರಿದ ಬೆಳ್ಳುಳ್ಳಿ ಒಗ್ಗರಣೆಯ ಮೇಲೆ. ಮಜ್ಜಿಗೆ ಕಾಸರಗೋಡು ಗಿಡ್ಡ ತಳಿಯ ಹಸುವಿನದು. ಹಸು ಚಿಕ್ಕದು, ಹಾಲೂ ಕಡಿಮೆ, ಆದ್ದರಿಂದ ಬೆಣ್ಣೆ, ಮಜ್ಜಿಗೆ ಎಲ್ಲ ಮನೆಯ ಲೆಕ್ಕಕ್ಕಷ್ಟೇ. ಅದನ್ನು ನಮಗೂ ಬಡಿಸಿದರಲ್ಲ, ಅದು ದೊಡ್ಡ ಮಾತು.

ಇಂಥ ಊಟ ಬೇಕಿದ್ದವರು ತೋಟದ ನಡುವೆ ಇರುವ, ಮನೆಯವರೇ ಅಡುಗೆ ಮಾಡುವ ಹೋಂಸ್ಟೇ ಹುಡುಕಿ. ಬುಕ್ ಮಾಡುವಾಗಲೇ ಎಷ್ಟು ಜನ, ಯಾವ ಹೊತ್ತಿಗೆ ಅಂತ ಹೇಳಿಬಿಡಿ. ನೆನೆಸುವುದು, ರುಬ್ಬುವುದು ಎಲ್ಲ ಹಿಂದಿನ ದಿನವೇ ಶುರುವಾಗುವ ಕೆಲಸ. "ನೀವು ಮನೆಯಲ್ಲಿ ದಿನಾ ಏನು ಮಾಡ್ತೀರೋ ಅದೇ ಸಾಕು" ಅನ್ನಿ. ಇಲ್ಲದಿದ್ದರೆ ಅತಿಥಿಗಳು ಅಂತ ಪನೀರ್, ಚಪಾತಿ ಮಾಡಿಟ್ಟುಬಿಡುತ್ತಾರೆ, ಪಾಪ. ಸಾಕು ಅನ್ನಬೇಕಿದ್ದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಿರಿ. ಬರೀ ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ.

ಪೇಟೆಯಲ್ಲಿ ಮಧ್ಯಾಹ್ನ ಉಣ್ಣುವುದಾದರೆ ಒಂದು ಗಂಟೆಗೆ ಕೂತುಬಿಡಿ. ಎರಡು ದಾಟಿದರೆ ಪಲ್ಯ ಮುಗಿದಿರುತ್ತದೆ, ಒಳ್ಳೆಯ ಮೀನೂ ಇರುವುದಿಲ್ಲ. ಬಿಳಿ ಅನ್ನವೋ ಕುಚ್ಚಲೋ ಅಂತ ಕೇಳುತ್ತಾರೆ, ಕುಚ್ಚಲನ್ನೇ ಹೇಳಿ. ಮೀನು ಸಾರು ಸಾಮಾನ್ಯವಾಗಿ ಊಟದ ಜೊತೆಗೇ ಬರುತ್ತದೆ, ಫ್ರೈಗೆ ಬೇರೆ ದುಡ್ಡು. ದೊಡ್ಡ ಮೀನಾದರೆ ಬೆಲೆ ಕೇಳಿಯೇ ಹೇಳಿ. ಬೂತಾಯಿ, ಬಂಗುಡೆ ಅಗ್ಗ, ನನ್ನ ಪ್ರಕಾರ ರುಚಿಯೂ ಅವಕ್ಕೇ ಜಾಸ್ತಿ. ಕುಡಿಯಲು ಕೊಡುವ ತಿಳಿಗುಲಾಬಿ ಬಣ್ಣದ ಬಿಸಿ ನೀರು ನೋಡಿ ಗಾಬರಿ ಬೇಡ. ಪದಿಮುಗಂ ಮರದ ಚೂರು ಹಾಕಿ ಕುದಿಸಿದ ನೀರು ಅದು, ಹೊಟ್ಟೆಗೂ ಹಿತ. ಇನ್ನೂ ಕಡಿಮೆ ಖರ್ಚಿನಲ್ಲಿ ಆಗಬೇಕಿದ್ದರೆ ಕುಟುಂಬಶ್ರೀ (ಕೇರಳ ಸರ್ಕಾರದ ಮಹಿಳಾ ಸ್ವಸಹಾಯ ಯೋಜನೆ) ಹೆಂಗಸರು ನಡೆಸುವ ಜನಕೀಯ ಹೋಟೆಲ್ ಎಲ್ಲಿದೆ ಅಂತ ವಿಚಾರಿಸಿ. 2020ರಲ್ಲಿ ಶುರುವಾದಾಗ ಅಲ್ಲಿ ಊಟಕ್ಕೆ 20 ರೂಪಾಯಿ ಇತ್ತು. ಈಗ ಸ್ವಲ್ಪ ಏರಿದೆ, ಆದರೂ ಅಗ್ಗವೇ. ರುಚಿ ಮನೆ ಊಟದ ಹಾಗೇ ಇರುತ್ತದೆ.

ಸಂಜೆ ನೇಂದ್ರ ಬಾಳೆಹಣ್ಣಿನ ಪೋಡಿ (ಬಜ್ಜಿ), ಕಟ್ಟನ್ ಚಾಯ ಅಂದರೆ ಹಾಲಿಲ್ಲದ ಚಹಾ. ಅಷ್ಟು ಸಾಕು.

ಯಾವಾಗ ಹೋಗಬೇಕು ಅನ್ನುವುದು ನಿಮಗೆ ಏನು ಬೇಕು ಅನ್ನುವುದರ ಮೇಲೆ. ಫೆಬ್ರವರಿ, ಮಾರ್ಚ್‌ನಲ್ಲಿ ಗುಜ್ಜೆ (ಎಳೆ ಹಲಸು) ಪಲ್ಯ. ಏಪ್ರಿಲ್, ಮೇಯಲ್ಲಿ ಕಾಟು (ಕಾಡು) ಮಾವಿನಹಣ್ಣಿನ ಗೊಜ್ಜು, ಹಲಸಿನ ಹಣ್ಣಿನ ಕೊಟ್ಟಿಗೆ (ಎಲೆಯಲ್ಲಿ ಬೇಯಿಸಿದ ಕಡುಬು), ಜೊತೆಗೆ ವಿಪರೀತ ಸೆಕೆ. ಜುಲೈ, ಆಗಸ್ಟ್‌ನಲ್ಲಿ ಪತ್ರೊಡೆ. ಮೀನಿಗಾಗಿಯೇ ಹೋಗುವವರು ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಬೇಡ. ಕೇರಳದಲ್ಲಿ ಆಗ ಟ್ರಾಲಿಂಗ್ (ಯಾಂತ್ರಿಕ ದೋಣಿಯಲ್ಲಿ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ, ಮೀನು ಕಡಿಮೆ, ಬೆಲೆ ಜಾಸ್ತಿ. ರಂಜಾನ್ ತಿಂಗಳಲ್ಲಿ ಪೇಟೆಯ ಎಷ್ಟೋ ಹೋಟೆಲುಗಳು ಹಗಲು ಮುಚ್ಚಿರುತ್ತವೆ, ಸಂಜೆಯ ಮೇಲೆ ಭರ್ಜರಿ. ಹೊರಡುವ ಹಿಂದಿನ ದಿನ ಹರತಾಳ (ಬಂದ್) ಇದೆಯಾ ಅಂತಲೂ ನೋಡಿಕೊಳ್ಳಿ. ಹರತಾಳದ ದಿನ ಚಹಾ ಸಿಗುವುದೂ ಕಷ್ಟ.

ಮಧೂರಿನ ದೇವಸ್ಥಾನಕ್ಕೆ ಹೋದರೆ ಸಿಹಿ ಅಪ್ಪದ ಪ್ರಸಾದ ತಪ್ಪಿಸಬೇಡಿ. ಹಪ್ಪಳ ಕೊಳ್ಳುವುದಿದ್ದರೆ ಬದಿಯಡ್ಕದ ಅಂಗಡಿಗಳಲ್ಲಿ ಹಲಸಿನದನ್ನೇ ಕೇಳಿ, ಈ ವರ್ಷದ ಬಿಸಿಲಿಗೆ ಒಣಗಿಸಿದ್ದಾ ಅಂತ ವಿಚಾರಿಸಿ ತನ್ನಿ.