ಆಚೆ ಕಡೆಯ ನೀರು

ಡೆನ್ವರ್‌ನ ನನ್ನ ಬಾಡಿಗೆ ಮನೆಯಲ್ಲಿ ಅಮ್ಮ ಮೊದಲ ಸಲ ಬೇಳೆ ಇಟ್ಟಾಗ ಮೂರು ಕೂಗಿಗೆ ಅದು ಬೇಯಲೇ ಇಲ್ಲ. ಊರಿಂದ ತಂದ ಅದೇ ಕುಕ್ಕರ್, ಅದೇ ತೊಗರಿಬೇಳೆ. ಮುಚ್ಚಳ ತೆಗೆದರೆ ಕಾಳು ಕಾಳಾಗಿಯೇ ಇತ್ತು. ಕೊನೆಗೆ ಐದು ಕೂಗು ಬೇಕಾಯಿತು. "ಇಲ್ಲಿನ ನೀರಲ್ಲೇ ಏನೋ ಇದೆ ಕಣೇ" ಅಂದಳು ಅಮ್ಮ.

ನೀರಿನ ತಪ್ಪಲ್ಲ, ಎತ್ತರದ ಕಾರಣ. ಕೊಲರಾಡೊ ರಾಜ್ಯದ ರಾಜಧಾನಿ ಡೆನ್ವರ್ ಸಮುದ್ರಮಟ್ಟದಿಂದ 5,280 ಅಡಿ ಮೇಲಿದೆ, ಅಂದರೆ ಸರಿಯಾಗಿ ಒಂದು ಮೈಲಿ. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು 95 ಡಿಗ್ರಿ ಹತ್ತಿರವೇ ಕುದಿದುಬಿಡುತ್ತದೆ. ಇದನ್ನು ಹೇಳಿದಾಗ ಅಪ್ಪ ಕೂಡಲೇ ಲೆಕ್ಕ ಹಾಕಿದರು. "ಮುಳ್ಳಯ್ಯನಗಿರಿ 6,330 ಅಡಿ. ಅದಕ್ಕಿಂತ ಸಾವಿರ ಅಡಿ ಕೆಳಗೆ ಇಷ್ಟು ದೊಡ್ಡ ಪಟ್ಟಣ!" ನಮ್ಮದು ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ. ಅಪ್ಪನಿಗೆ ಯಾವ ಬೆಟ್ಟ ಕಂಡರೂ ಅಳತೆಗೋಲು ಊರಿನದೇ.

ಆಫೀಸಿನವರು ನನ್ನನ್ನು ಅಲ್ಲಿಗೆ ಕಳಿಸಿದ್ದು ಆರು ತಿಂಗಳ ಮಟ್ಟಿಗೆ. ಅಪ್ಪ, ಅಮ್ಮ ಬರುವ ಹೊತ್ತಿಗೆ ನಾಲ್ಕು ತಿಂಗಳು ಮುಗಿದಿತ್ತು. ಆಫೀಸಿನ ಕಿಟಕಿಯಿಂದ ಪಡುವಣ ದಿಕ್ಕಿಗೆ ಬೆಟ್ಟದ ಸಾಲು ದಿನಾ ಕಾಣುತ್ತಿತ್ತು. ಜುಲೈನಲ್ಲೂ ಅಲ್ಲಲ್ಲಿ ಬಿಳಿ ಹಿಮ. ಹೋಗಬೇಕು ಅನ್ನಿಸುತ್ತಿತ್ತು. ಆದರೆ ಒಬ್ಬಳೇ ಬಾಡಿಗೆ ಕಾರಿನಲ್ಲಿ, ರಸ್ತೆಯ ಬಲಭಾಗದಲ್ಲಿ ಓಡಿಸುತ್ತಾ ಘಾಟಿ ಹತ್ತುವ ಧೈರ್ಯ ಬರಲಿಲ್ಲ. ಶನಿವಾರ ದಿನಸಿ, ಭಾನುವಾರ ಬಟ್ಟೆ, ಮತ್ತೆ ಸೋಮವಾರ. ಸ್ವಲ್ಪ ದಿನ ಇದ್ದು ಹೋಗುವ ಊರು ಅಂದರೆ ಹೀಗೇ ಆಗಿಬಿಡುತ್ತದೆ, ಅಲ್ವಾ? ಮನೆಗೆ ಯಾರಾದರೂ ಬಂದಾಗಲೇ ನಾವೂ ಊರು ನೋಡುವುದು.

ಸೆಪ್ಟೆಂಬರ್ ಕೊನೆಗೆ ಅಪ್ಪ, ಅಮ್ಮ ಬಂದರು. ನಾಲ್ಕನೇ ದಿನ ಡಲ್ಲಾಸ್‌ನಿಂದ ನನ್ನ ಗೆಳತಿಯ ಸಂಸಾರವೂ ಬಂತು. ಹಾಸನದಲ್ಲಿ ಪಿಯುಸಿ ಒಟ್ಟಿಗೆ ಓದಿದವಳು. ಅವಳ ಗಂಡ ಸುಮಾರು 800 ಮೈಲಿ ಗಾಡಿ ಓಡಿಸಿಕೊಂಡೇ ಬಂದಿದ್ದರು. ಜೊತೆಗೆ ಏಳು ವರ್ಷದ ಮಗ. ಏಳು ಸೀಟಿನ ಗಾಡಿ, ನಾವು ಆರು ಜನ. ಶುಕ್ರವಾರ ರಜೆ ಹಾಕಿದೆ. ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನಕ್ಕೆ ಆ ಕಾಲದಲ್ಲಿ ಇಂಥ ಹೊತ್ತಿಗೆ ಬರುತ್ತೇವೆ ಅಂತ ಮೊದಲೇ ಪರವಾನಗಿ ತೆಗೆದಿಡಬೇಕು, ಅದನ್ನು ತೆಗೆದಿಟ್ಟಿದ್ದೆ.

ಅಮ್ಮ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಚಿತ್ರಾನ್ನ, ಮೊಸರನ್ನ ಕಟ್ಟಿದಳು. ಬೌಲ್ಡರ್, ಲಯನ್ಸ್ ದಾಟಿ ಎಸ್ಟೆಸ್ ಪಾರ್ಕ್ ಊರು ಸೇರಿದಾಗ ಒಂಬತ್ತು ಗಂಟೆ. ಅದು ಸುಮಾರು 7,500 ಅಡಿ. "ನೋಡಿ ಅಪ್ಪ, ಈಗ ಮುಳ್ಳಯ್ಯನಗಿರಿ ನಮಗಿಂತ ಕೆಳಗೆ" ಅಂದೆ. ಹಿಂದಿನ ಸೀಟಿನಲ್ಲಿ ಹುಡುಗ ಚಿಪ್ಸ್ ಪೊಟ್ಟಣ ಎತ್ತಿ ತೋರಿಸಿದ. ಅದು ದಿಂಬಿನ ಹಾಗೆ ಉಬ್ಬಿ ನಿಂತಿತ್ತು. ಹೊರಗಿನ ಗಾಳಿಯ ಒತ್ತಡ ಇಳಿದ ಹಾಗೆ ಒಳಗಿನ ಗಾಳಿ ಹಿಗ್ಗುತ್ತದೆ. ಅವನು ಅದನ್ನು ದಾರಿಯುದ್ದಕ್ಕೂ ಒಡೆಯದೆ ತೊಡೆಯ ಮೇಲೆ ಇಟ್ಟುಕೊಂಡಿದ್ದ.

ಅಲ್ಲಿಂದ ಮುಂದೆ ಟ್ರೇಲ್ ರಿಡ್ಜ್ ರಸ್ತೆ. ಎಸ್ಟೆಸ್ ಪಾರ್ಕ್‌ನಿಂದ ಬೆಟ್ಟದ ಆಚೆಯ ಗ್ರಾಂಡ್ ಲೇಕ್‌ಗೆ 48 ಮೈಲಿ. 1932ರಲ್ಲಿ ತೆರೆದ ರಸ್ತೆ ಇದು. ಚಳಿಗಾಲದಲ್ಲಿ ಹಿಮ ಮುಚ್ಚಿಕೊಳ್ಳುವುದರಿಂದ ಅಕ್ಟೋಬರ್‌ನಿಂದ ಮೇ ತಿಂಗಳ ಕೊನೆಯವರೆಗೆ ಬಂದ್. ರಸ್ತೆಯಂಚಿನಲ್ಲಿ ಎತ್ತರದ ಕಂಬಗಳು ನೆಟ್ಟಿವೆ. ಹಿಮ ತೆಗೆಯುವ ಗಾಡಿಯವರಿಗೆ ರಸ್ತೆ ಎಲ್ಲಿದೆ ಅಂತ ಗೊತ್ತಾಗುವುದೇ ಆ ಕಂಬಗಳಿಂದ. ಕೆಳಗಿನ ಇಳಿಜಾರುಗಳಲ್ಲಿ ಆಸ್ಪೆನ್ ಮರಗಳು ಪೂರ್ತಿ ಹಳದಿಯಾಗಿದ್ದವು. ಚೂರು ಗಾಳಿಗೂ ಎಲೆ ನಡುಗುತ್ತವೆ, ಅರಳಿ ಮರದ ಎಲೆಯ ಹಾಗೆ. ಅಮ್ಮ ಅದನ್ನೇ ನೋಡುತ್ತಾ ಕೂತಿದ್ದಳು.

ಹನ್ನೊಂದು ಸಾವಿರ ಅಡಿ ದಾಟಿದ ಮೇಲೆ ಮರಗಳು ಗಿಡ್ಡವಾಗುತ್ತಾ ಬಂದವು. ಕೆಲವಕ್ಕೆ ಕೊಂಬೆ ಒಂದೇ ಕಡೆ, ಗಾಳಿ ಬೀಸುವ ಕಡೆ ಬೋಳು. ಆಮೇಲೆ ಮರವೇ ಇಲ್ಲ. ಬರೀ ಹುಲ್ಲು, ಕಲ್ಲು, ಆಕಾಶ. ಅಪ್ಪ ಕಾರು ನಿಲ್ಲಿಸಲು ಹೇಳಿದರು. "ಜೇನುಕಲ್ಲು ಗುಡ್ಡದ ನೆತ್ತಿ ಇದ್ದ ಹಾಗೇ ಇದೆ" ಅಂದರು. ನೋಟ ಹಾಗೇ ಇತ್ತು. ಆದರೆ ಮುಟ್ಟಿ ನೋಡಿದರೆ ಬೇರೆ. ಹುಲ್ಲು ಬೆರಳುದ್ದವೂ ಇಲ್ಲ, ನೆಲಕ್ಕೆ ಅಂಟಿಕೊಂಡಿದೆ. ವರ್ಷದಲ್ಲಿ ಕೆಲವೇ ವಾರ ಬೆಳೆಯಲು ಸಿಗುವ ಗಿಡಗಳವು. ಒಮ್ಮೆ ತುಳಿದು ಹಾಳಾದ ಜಾಗ ಮತ್ತೆ ಹಸಿರಾಗಲು ಹತ್ತಾರು ವರ್ಷ ಬೇಕು, ಕಾಲುದಾರಿ ಬಿಟ್ಟು ಇಳಿಯಬೇಡಿ ಅಂತ ಫಲಕ ಇತ್ತು. ಅದನ್ನು ಓದಿ ಹೇಳಿದ ಮೇಲೆ ಅಪ್ಪ ಹುಡುಗನ ಕೈ ಹಿಡಿದುಕೊಂಡೇ ನಡೆದರು.

ರಸ್ತೆಯ ಅತಿ ಎತ್ತರದ ಜಾಗ 12,183 ಅಡಿ. ಅದನ್ನು ದಾಟಿ ಸ್ವಲ್ಪ ಕೆಳಗೆ ಬಂದರೆ ಆಲ್ಪೈನ್ ವಿಸಿಟರ್ ಸೆಂಟರ್. ಅಲ್ಲಿ ಇಳಿಯುವಾಗ ಅಮ್ಮ ಕಾರಿನ ಬಾಗಿಲು ಹಿಡಿದು ನಿಂತುಬಿಟ್ಟಳು. "ತಲೆ ಸಿಡೀತಿದೆ ಕಣೇ. ಉಸಿರು ಸಾಲ್ತಿಲ್ಲ." ಮುಖ ಬಿಳಿಚಿತ್ತು.

ಇದು ನನ್ನದೇ ತಪ್ಪು. ಅಷ್ಟು ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಮೂರನೇ ಎರಡು ಪಾಲು ಮಾತ್ರ. ಇದನ್ನು ನಾನು ಓದಿದ್ದೆ. ವಯಸ್ಸಾದವರನ್ನು ಎಸ್ಟೆಸ್ ಪಾರ್ಕ್‌ನಲ್ಲಿ ಒಂದು ರಾತ್ರಿ ಉಳಿಸಿ ಹತ್ತಿಸಬೇಕಿತ್ತು. ರಜೆ ಒಂದೇ ದಿನ ಅಂತ ಒಂದೇ ಓಟದಲ್ಲಿ ಆರೇಳು ಸಾವಿರ ಅಡಿ ಹತ್ತಿಸಿದ್ದೆ. ಇವತ್ತಿಗೂ ಆ ಮುಖ ನೆನಪಾದರೆ ಹೊಟ್ಟೆ ಹಿಂಡುತ್ತದೆ. ಗೆಳತಿ ಬಿಸಿನೀರು ತಂದಳು. ಕೌಂಟರ್‌ನಲ್ಲಿದ್ದ ವಯಸ್ಸಾದ ಹೆಂಗಸು ಅಮ್ಮನನ್ನು ಒಮ್ಮೆ ನೋಡಿ, ನೀರು ಕುಡಿಸಿ ಕೆಳಗೆ ಇಳಿಸಿ, ಅದೇ ಔಷಧ ಅಂದರು. ಬಂದ ದಾರಿಯಲ್ಲಿ ವಾಪಸ್ ಹೋದರೆ ಮತ್ತೆ ಆ ನೆತ್ತಿಯನ್ನೇ ಹತ್ತಬೇಕು. ಪಶ್ಚಿಮಕ್ಕಾದರೆ ಬರೀ ಇಳಿಜಾರು. ಹಾಗಾಗಿ ನಮ್ಮ ಯೋಜನೆಯಲ್ಲೇ ಇಲ್ಲದ ಪಶ್ಚಿಮಕ್ಕೆ ಗಾಡಿ ತಿರುಗಿಸಿದೆವು.

ನಾಲ್ಕು ಮೈಲಿ ಇಳಿಯುವಷ್ಟರಲ್ಲಿ ಅಮ್ಮನ ಉಸಿರು ಸರಾಗವಾಯಿತು. ಅಲ್ಲೊಂದು ಪುಟ್ಟ ಕೆರೆ, ಸುತ್ತ ಮತ್ತೆ ಮರಗಳು. ಮಿಲ್ನರ್ ಪಾಸ್ ಅನ್ನುವ ಘಾಟಿ, ಸುಮಾರು 10,750 ಅಡಿ. ಐದು ನಿಮಿಷ ಇಳಿಯೋಣ ಅಂತ ನಿಲ್ಲಿಸಿದೆವು. ದೊಡ್ಡದೊಂದು ಮರದ ಫಲಕ. ಒಂದು ಕಡೆ ಬಾಣ, ಅಟ್ಲಾಂಟಿಕ್. ಇನ್ನೊಂದು ಕಡೆ ಬಾಣ, ಪೆಸಿಫಿಕ್.

ಅಪ್ಪ ಅದರ ಮುಂದೆ ನಿಂತವರು ಮಾತಾಡಲಿಲ್ಲ. ನಾನು ಹತ್ತಿರ ಹೋದೆ. "ಮಂಕನಹಳ್ಳಿ ಕಲ್ಲು" ಅಂದರು.

ಬಿಸಿಲೆ ಘಾಟಿಯ ಹತ್ತಿರ ಮಂಕನಹಳ್ಳಿಯಲ್ಲಿ ಅಂಥದೇ ಒಂದು ಕಲ್ಲಿದೆ. ಅದರ ಒಂದು ಬದಿಗೆ ಬಿದ್ದ ಮಳೆ ಹೇಮಾವತಿ ಸೇರಿ, ಕಾವೇರಿಯಾಗಿ ಬಂಗಾಳ ಕೊಲ್ಲಿಗೆ. ಇನ್ನೊಂದು ಬದಿಗೆ ಬಿದ್ದದ್ದು ಕುಮಾರಧಾರೆ ಸೇರಿ ಅರಬ್ಬಿ ಸಮುದ್ರಕ್ಕೆ. ನಾನು ಚಿಕ್ಕವಳಿದ್ದಾಗ ಒಂದು ಮಳೆಗಾಲ ಅಪ್ಪ ನನ್ನನ್ನು ಸ್ಕೂಟರ್‌ನಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದ್ದರು. ಕೊಡೆ ಹಿಡಿದು ಆ ಕಲ್ಲಿನ ಪಕ್ಕ ನಿಂತದ್ದು ನೆನಪಿದೆ. ಇಲ್ಲಿಯೂ ಅದೇ. ಈ ಕಡೆಯ ನೀರು ಪ್ಲಾಟ್, ಮಿಸೌರಿ, ಮಿಸಿಸಿಪ್ಪಿ ನದಿಗಳಾಗಿ ಮೂಡಣಕ್ಕೆ. ಆ ಕಡೆಯದು ಕೊಲರಾಡೊ ನದಿಯಾಗಿ ಪಡುವಣಕ್ಕೆ. ಹುಡುಗ ಬಾಟಲಿ ನೀರನ್ನು ಎರಡೂ ಕಡೆ ಸುರಿದು ನೋಡಿದ. ಒಣ ಮಣ್ಣು ಎರಡು ಕಡೆಯದನ್ನೂ ಹೀರಿಕೊಂಡಿತು. "ಮಳೆ ಬರಬೇಕು ಪುಟ್ಟ, ಬಾಟಲಿ ನೀರು ಅಷ್ಟು ದೂರ ಹೋಗಲ್ಲ" ಅಂದರು ಅಪ್ಪ.

ಸ್ವಲ್ಪ ಮುಂದೆ ಫಾರ್ ವ್ಯೂ ಕರ್ವ್ ಅನ್ನುವ ತಿರುವು. ಕಣಿವೆಯ ಆಚೆ ನೆವರ್ ಸಮ್ಮರ್ ಬೆಟ್ಟಗಳು ಕಾಣುತ್ತವೆ. ಅವುಗಳ ಹೊಟ್ಟೆಯ ಮೇಲೆ ನೇರವಾಗಿ ಒಂದು ಗೆರೆ ಎಳೆದ ಹಾಗಿತ್ತು. ನಾನು ರಸ್ತೆ ಅಂದುಕೊಂಡೆ. ಅಪ್ಪ ಕಣ್ಣು ಕಿರಿದು ಮಾಡಿ ನೋಡಿ, "ಅದು ರಸ್ತೆ ಅಲ್ಲ ಮಾರಾಯ್ತಿ, ಕಾಲುವೆ. ಏರಿಳಿತವೇ ಇಲ್ಲ ನೋಡು" ಅಂದರು.

ಕಾಲುವೆಯೇ. ಗ್ರಾಂಡ್ ಡಿಚ್ ಅಂತ ಹೆಸರು. 14 ಮೈಲಿ ಉದ್ದ. 1890ರಲ್ಲಿ ಶುರುವಾಗಿ 1936ರಲ್ಲಿ ಮುಗಿಯಿತು. ಮೊದಲಿಗೆ ಪಿಕಾಸಿ, ಗುದ್ದಲಿ ಹಿಡಿದು ಕೈಯಲ್ಲೇ ಅಗೆದರು. ಪಶ್ಚಿಮಕ್ಕೆ ಹರಿಯಬೇಕಾದ ಹಿಮದ ನೀರನ್ನು ಬೆಟ್ಟದ ಸೊಂಟದಲ್ಲೇ ಹಿಡಿದು, ಬೆಟ್ಟದ ಸಾಲು ದಾಟಿಸಿ, ಪೂರ್ವದ ಬಯಲಿನ ಹೊಲಗಳಿಗೆ ಕೊಡುತ್ತದೆ. ಕೊಲರಾಡೊದಲ್ಲಿ ಹಿಮ, ಮಳೆ ಜಾಸ್ತಿ ಬೀಳುವುದು ಪಶ್ಚಿಮಕ್ಕೆ. ಜನ ಜಾಸ್ತಿ ಇರುವುದು ಪೂರ್ವಕ್ಕೆ.

"ಎತ್ತಿನಹೊಳೆ" ಅಂದರು ಅಪ್ಪ. ಅದೊಂದೇ ಮಾತು. ನಮ್ಮ ತಾಲ್ಲೂಕಿನ ಪಡುವಣ ಹೊಳೆಗಳ ನೀರನ್ನು ಎತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ತಿರುಗಿಸುವ ಯೋಜನೆ. ಅದರ ದೊಡ್ಡ ಪೈಪುಗಳು ಮಣ್ಣಿನ ಕೆಳಗೆ ಹೋಗುವುದನ್ನು ಅಪ್ಪ ವರ್ಷಗಟ್ಟಲೆ ನೋಡಿದವರು. ಕೋಲಾರದ ಬಾಯಾರಿಕೆ ಸುಳ್ಳಲ್ಲ, ನಮ್ಮ ಗುಡ್ಡ ಬಗೆದದ್ದೂ ಸುಳ್ಳಲ್ಲ ಅಂತ ಯಾವಾಗಲೂ ಹೇಳುತ್ತಾರೆ. ಈಗ ಕೇಳಿದ್ದು ಒಂದೇ ಪ್ರಶ್ನೆ. "ಅಷ್ಟು ಕಡಿದಾದ ಜಾಗ. ಕುಸಿಯಲ್ವಾ?"

ನನಗೆ ಗೊತ್ತಿರಲಿಲ್ಲ. ರಾತ್ರಿ ಹುಡುಕಿ ಓದಿದೆ. 2003ರಲ್ಲಿ ಆ ಕಾಲುವೆ ಒಡೆದು, ಮಣ್ಣು, ಬಂಡೆ, ಮರಗಳು ಕೊಚ್ಚಿಕೊಂಡು ಬಂದು ಕೆಳಗಿನ ಕಣಿವೆಯ ಕಾಡು, ಜೌಗು ಹಾಳಾಗಿದ್ದವು. ನಾಲ್ಕು ತಿಂಗಳು ಕಿಟಕಿಯಿಂದ ಆ ಬೆಟ್ಟಗಳನ್ನು ನೋಡಿದ್ದೆ. ಅವುಗಳ ಹೊಟ್ಟೆಯೊಳಗೆ ನೀರು ಓಡಾಡುತ್ತದೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ಕೆಳಗಿನ ಕವುನೀಚೀ ಕಣಿವೆಯಲ್ಲಿ ಊಟ. ಅಲ್ಲಿ ಕೊಲರಾಡೊ ನದಿ ಇನ್ನೂ ಒಂದು ಹಳ್ಳದಷ್ಟೇ. ಮುಂದೆ ಗ್ರಾಂಡ್ ಕ್ಯಾನಿಯನ್ ಕೊರೆದ ನದಿ ಇದೇ ಅಂದರೆ ಹುಡುಗ ನಂಬಲಿಲ್ಲ. ದಾರಿಯಲ್ಲಿ ಅದರ ನೀರನ್ನು ಎಷ್ಟು ಕಡೆ ಎತ್ತುತ್ತಾರೆ ಅಂದರೆ ಈಗ ಅದು ಸಮುದ್ರ ಮುಟ್ಟುವುದೇ ಅಪರೂಪ. ಅಮ್ಮ ಎರಡು ಸಲ ಮೊಸರನ್ನ ಹಾಕಿಸಿಕೊಂಡಳು. ಅದನ್ನು ನೋಡಿದ ಮೇಲೆಯೇ ನನಗೆ ಹಸಿವಾಯಿತು. ಅಷ್ಟರಲ್ಲಿ ಮರಗಳ ಆಚೆಯಿಂದ ಕೊಳಲಿನಂಥ ಕೂಗು, ಸಣ್ಣದಾಗಿ ಶುರುವಾಗಿ ಏರುತ್ತಾ ಹೋಯಿತು. ಎಲ್ಕ್. ನಮ್ಮ ಕಡವೆಯ ಜಾತಿಯ ದೊಡ್ಡ ಪ್ರಾಣಿ. ಸೆಪ್ಟೆಂಬರ್‌ನಲ್ಲಿ ಗಂಡುಗಳು ಹೆಣ್ಣುಗಳನ್ನು ಕರೆಯುವುದು ಹೀಗೆ. ಬೇಟೆಯಿಂದ ಇಲ್ಲಿ ಅವು ಮುಗಿದೇ ಹೋಗಿದ್ದವಂತೆ. 1913ರ ಸುಮಾರಿಗೆ ಯೆಲ್ಲೊಸ್ಟೋನ್‌ನಿಂದ ತಂದು ಬಿಟ್ಟವುಗಳ ಸಂತಾನ ಇವು. ಎರಡು ಎಲ್ಕ್ ಹುಲ್ಲು ಮೇಯುತ್ತಿದ್ದದ್ದು ನಮಗೆ ಕಂಡಿತು, ಕೊಂಬೇ ನಾಲ್ಕಡಿ ಇದ್ದಿರಬೇಕು.

ಸಂಜೆವರೆಗೆ ಅಲ್ಲೇ ಇದ್ದು, ಗ್ರಾಂಬಿ, ವಿಂಟರ್ ಪಾರ್ಕ್ ಸುತ್ತಿಕೊಂಡು ಹೊರಟೆವು. ವಿಂಟರ್ ಪಾರ್ಕ್‌ನಲ್ಲಿ ಮೊಫಾಟ್ ಸುರಂಗದ ಬಾಯಿ ಇದೆ. 6 ಮೈಲಿಯ ಸುರಂಗ, 1928ರಿಂದ ಅದರಲ್ಲಿ ರೈಲು ಓಡುತ್ತಿದೆ. ಅದರ ಪಕ್ಕದಲ್ಲೇ ಕೊರೆದ ಇನ್ನೊಂದು ಸುರಂಗದಲ್ಲಿ ಬೆಟ್ಟದಡಿಯಿಂದ ಡೆನ್ವರ್‌ಗೆ ನೀರು ಹೋಗುತ್ತದೆ. ಬರ್ತೂಡ್ ಪಾಸ್ ದಾಟುವಾಗ ಮತ್ತೆ ಹನ್ನೊಂದು ಸಾವಿರ ಅಡಿ. ನಾನು ಇಡೀ ಹೊತ್ತು ಅಮ್ಮನ ಕೈ ಹಿಡಿದು ಕೂತಿದ್ದೆ. ಅವಳು ನಿದ್ದೆ ಹೋಗಿದ್ದಳು, ಉಸಿರು ಸಮವಾಗಿತ್ತು.

ಮುಂದಿನ ವಾರ ಪೈಕ್ಸ್ ಪೀಕ್ ಹತ್ತುವ ಯೋಚನೆ ಕೈಬಿಟ್ಟೆವು. ಅದು 14,115 ಅಡಿ, ಬೇಡವೇ ಬೇಡ. ಗಾರ್ಡನ್ ಆಫ್ ದ ಗಾಡ್ಸ್‌ನ ಕೆಂಪು ಬಂಡೆಗಳನ್ನು ನೋಡಿ ಬಂದೆವು. ಚೆನ್ನಾಗಿತ್ತು.

ಆದರೆ ನನಗೆ ಉಳಿದಿರುವುದು ಆ ಶನಿವಾರದ ಬೆಳಿಗ್ಗೆ. ಅಮ್ಮ ಕುಕ್ಕರ್ ತೊಳೆಯುತ್ತಿದ್ದಳು. ಅಪ್ಪ ಒಂದು ಲೋಟ ನೀರು ಹಿಡಿದುಕೊಂಡು, "ಈ ನಲ್ಲಿ ನೀರು ಯಾವ ಕಡೇದು?" ಅಂತ ಕೇಳಿದರು. ಡೆನ್ವರ್ ಕುಡಿಯುವ ನೀರಲ್ಲಿ ಸುಮಾರು ಅರ್ಧ ಬೆಟ್ಟದ ಆಚೆಯಿಂದ ಸುರಂಗದಲ್ಲಿ ಬರುತ್ತದೆ ಅಂತ ಹೇಳಿದೆ. ಅಪ್ಪ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು, ನಿಧಾನವಾಗಿ ಕುಡಿದರು. ಆಮೇಲೆ ಊರಿಗೆ, ಚಿಕ್ಕಪ್ಪನಿಗೆ ಫೋನ್ ಮಾಡಿದರು. ಅಲ್ಲಿ ಆಗ ಸಂಜೆ. ಬೆಟ್ಟದ ಬಗ್ಗೆ, ಎಲ್ಕ್ ಬಗ್ಗೆ ಏನೂ ಹೇಳಲಿಲ್ಲ. ಮೊದಲು ಕೇಳಿದ್ದು, "ಮಳೆ ಬಂತಾ? ಹೊಳೇಲಿ ನೀರು ಎಷ್ಟಿದೆ?"