ರಾಣೆ ನಾಟಕದ ಸಮವಸ್ತ್ರ: ಅಂಗಿ ಮುಗಿಯಿತು, ಬೂಟು ಬಾಕಿ

ನಾಟಕಕ್ಕೆ ಹೊಲಿಸಿದ ಹೊಸ ಸಮವಸ್ತ್ರವನ್ನು ಹಳತು ಮಾಡುವ ಕೆಲಸ ನಡೆದಿದೆ. ಅಂಗಿ, ಪ್ಯಾಂಟು ಹೆಚ್ಚು ಕಡಿಮೆ ಆದವು. ವೆಬ್ಬಿಂಗ್, ಅಂದರೆ ಸೈನಿಕರು ಅಂಗಿಯ ಮೇಲೆ ಕಟ್ಟುವ ಬೆಲ್ಟು, ಪಟ್ಟಿಗಳು, ಅರ್ಧ ಆಗಿದೆ. ಹೆಲ್ಮೆಟ್ಟಿಗೆ ಇನ್ನೂ ಕೈ ಹಚ್ಚಿಲ್ಲ.

ನಮ್ಮ ನಾಟಕ ಮೇಜರ್ ರಾಮ ರಾಘೋಬಾ ರಾಣೆಯವರದು. ಇಲ್ಲೇ ಕಾರವಾರದ ಪಕ್ಕದ ಚೆಂಡಿಯಾದವರು. 1948ರ ಏಪ್ರಿಲ್‌ನಲ್ಲಿ ಜಮ್ಮು-ಕಾಶ್ಮೀರದ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ನೆಲದಲ್ಲಿ ಹುಗಿದಿಟ್ಟ ಮೈನ್ ತೆಗೆದು ಟ್ಯಾಂಕುಗಳನ್ನು ಮುಂದೆ ಸಾಗಿಸಿದ್ದಕ್ಕೆ ಪರಮವೀರ ಚಕ್ರ ಬಂತು. ಆಗ ಅವರು ಸೇನೆಯ ಎಂಜಿನಿಯರುಗಳ ಪಡೆಯಾದ ಬಾಂಬೆ ಸ್ಯಾಪರ್ಸ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್. ಕಾರವಾರದ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ಮ್ಯೂಸಿಯಮ್ಮಿನ ಹತ್ತಿರ ಇರುವ ಅವರ ಪ್ರತಿಮೆ ನೋಡಿ ಬಟ್ಟೆ ಹೊಲಿಸಿ ಅಂದವರೇ ಜಾಸ್ತಿ. ಪ್ರತಿಮೆಯ ಬಟ್ಟೆಗೆ ಕೊಳೆ ಇರುವುದಿಲ್ಲ, ಅಲ್ವಾ?

ಬಟ್ಟೆ ಹಳೆಯದು ಮಾಡೋದು ಅಂದರೆ ಸಿಕ್ಕಲ್ಲೆಲ್ಲ ಮಣ್ಣು ಮೆತ್ತುವುದಲ್ಲ. ಹಾಕಿಕೊಂಡವರು ಏನು ಕೆಲಸ ಮಾಡಿದರು ಅನ್ನೋದು ಅದರಲ್ಲಿ ಕಾಣಬೇಕು. ರಾಣೆಯವರು ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಹಗ್ಗ ಎಳೆದು ಚಾಲಕನಿಗೆ ಸೂಚನೆ ಕೊಟ್ಟವರು. ಹಾಗಾದರೆ ಮೊಣಕೈ, ಮೊಣಕಾಲು, ಹೊಟ್ಟೆ ಸವೆಯಬೇಕು. ಗ್ರೀಸ್ ಕಲೆ ಬೆನ್ನಿನ ಮೇಲೆ ಬರಬೇಕು. ಎದೆಯ ಮೇಲೆ ಗ್ರೀಸ್ ಬಳಿದರೆ ಗ್ಯಾರೇಜಿನವರ ಅಂಗಿ ಆಗುತ್ತದೆ.

ಮೊದಲು ಸೋಪಿನ ಪುಡಿ ಹಾಕಿ ಮತ್ತೆ ಮತ್ತೆ ಒಗೆದು ಗಂಜಿ ತೆಗೆದೆ. ಬ್ಲೀಚ್ ಮುಟ್ಟಲಿಲ್ಲ. ಖಾಕಿಗೆ ಅದು ತಾಗಿದಲ್ಲಿ ಕೆಟ್ಟ ಹಳದಿ ಮಚ್ಚೆ ಬೀಳುತ್ತದೆ, ನೂಲೂ ಸಾಯುತ್ತದೆ. ಆಮೇಲೆ ವೆಬ್ಬಿಂಗ್ ಪಟ್ಟಿಗಳನ್ನು ಅಂಗಿಯ ಮೇಲೇ ಕಟ್ಟಿ ಟೆರೇಸಿನ ಬಿಸಿಲಿಗೆ ಬಿಟ್ಟೆ. ಭುಜ ಬಿಳಚಿಕೊಂಡಿತು, ಪಟ್ಟಿಯ ಅಡಿ ಮಾತ್ರ ಮೂಲ ಬಣ್ಣ ಉಳಿಯಿತು. ಕಾಲರಿನ ಮಡಿಕೆ, ಕಫ್, ಜೇಬಿನ ಮುಚ್ಚಳದ ಅಂಚು, ಇಷ್ಟಕ್ಕೇ ಸ್ಯಾಂಡ್‌ಪೇಪರ್. ಹೊಲಿದುಕೊಟ್ಟ ಟೈಲರ್ ನೋಡಿ, "ಅಲ್ಲ ಮಾರಾಯ್ರೆ, ಮೊದಲೇ ಹೇಳಿದ್ರೆ ಹಳೇ ಬಟ್ಟೆಯಲ್ಲೇ ಹೊಲಿತಿದ್ನಲ್ಲ" ಅಂದರು. ಅವರಿಗೆ ಮೊದಲೇ ಹೇಳಿದ್ದು ಒಂದೇ: ಹತ್ತಿ ನೂಲಿನಲ್ಲಿ ಹೊಲಿಯಿರಿ ಅಂತ. ಪಾಲಿಯೆಸ್ಟರ್ ದಾರ ಬಣ್ಣ ಹಿಡಿಯುವುದಿಲ್ಲ. ಬಟ್ಟೆ ಎಷ್ಟೇ ಹಳತಾಗಲಿ, ಹೊಲಿಗೆ ಮಾತ್ರ ಹೊಸದಾಗಿ ಎದ್ದು ಕಾಣುತ್ತದೆ.

ಈ ಸಲದ ಖುಷಿ ಅಂದರೆ ಚೊಗರು. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಒಗರು ನೀರು ಅದು. ಸಿರಸಿಯ ಭಾವ ಒಂದು ಕ್ಯಾನ್ ಕಳಿಸಿದ. ಬಟ್ಟೆಗೆ ತಾಗಿದರೆ ಹೋಗುವುದಿಲ್ಲ ಅಂತ ಅಡಿಕೆ ಮನೆಯವರು ಬೈದುಕೊಳ್ಳುವ ಕಲೆ ನನಗೆ ಬೇಕಾಗಿದ್ದೇ ಅದು. ನೀರು ಬೆರೆಸಿ ಕಂಕುಳು, ಕಾಲರಿನ ಒಳಗೆ, ಬೆಲ್ಟಿನ ಸಾಲಿಗೆ ಸ್ಪಂಜಿನಲ್ಲಿ ಒತ್ತಿದೆ. ಬೆವರಿನ ಕಲೆಯೇ. ಇನ್ನೊಂದು ಕೆಲಸಕ್ಕೂ ಬಂತು. ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ನೆನೆಸಿಟ್ಟು, ಆ ನೀರನ್ನು ಚೊಗರು ಹಚ್ಚಿದ ಬೆನ್ನಿನ ಮೇಲೆ ತಟ್ಟಿದರೆ ಕಪ್ಪಾಗುತ್ತದೆ. ಚೊಗರಿನ ಒಗರು ಅಂಶವಾದ ಟ್ಯಾನಿನ್ ಕಬ್ಬಿಣದ ಜತೆ ಸೇರಿದರೆ ಹಾಗೇ. ಗ್ರೀಸ್ ಕಲೆ ತಯಾರು, ಪಕ್ಕದ ನಟನ ಬಟ್ಟೆಗೆ ಮೆತ್ತುವುದೂ ಇಲ್ಲ. ಆದರೆ ಸ್ವಲ್ಪವೇ ಹಚ್ಚಬೇಕು. ಜಾಸ್ತಿಯಾದರೆ ವರ್ಷ ಕಳೆದಂತೆ ಬಟ್ಟೆ ಅಲ್ಲೇ ಪಿಸಿಯುತ್ತದೆ.

ಧೂಳಿಗೆ ನಮ್ಮ ಅಂಗಳದ ಕೆಂಪು ಮಣ್ಣು ಬೇಡ. ಜಂಬಿಟ್ಟಿಗೆ ಬಣ್ಣ ಕಂಡ ಕೂಡಲೇ ರಜೌರಿ ಹೋಗಿ ಅಂಕೋಲಾ ಆಗುತ್ತದೆ. ಮುಲ್ತಾನಿ ಮಿಟ್ಟಿಗೆ ಒಲೆಯ ಬೂದಿ ಬೆರೆಸಿ ಬಟ್ಟೆಯ ಚೀಲದಲ್ಲಿ ಕಟ್ಟಿ ಕುಟ್ಟುತ್ತಿದ್ದೇನೆ. ಸಿನಿಮಾದವರೂ ಧೂಳಿಗೆ ಇದೇ ಮಣ್ಣು ಬಳಸುತ್ತಾರೆ.

ವೆಬ್ಬಿಂಗ್ ಆ ಕಾಲದ ಬ್ರಿಟಿಷ್ 1937ರ ಮಾದರಿ. ಹತ್ತಿ ಪಟ್ಟಿ, ಹಿತ್ತಾಳೆ ಬಕಲ್. ಬಕಲ್ಲಿನ ಮೇಲಿನ ವಾರ್ನಿಶ್ ಥಿನ್ನರ್‌ನಲ್ಲಿ ಒರೆಸಿ ಕಿಟಕಿಗೆ ನೇತುಹಾಕಿದ್ದೇನೆ, ಮಂಕಾಗಿಸುವ ಕೆಲಸ ಸಮುದ್ರದ ಗಾಳಿಯದು. ಕಂದು ಬಣ್ಣಕ್ಕೆ ಬಂದ ಕೂಡಲೇ ಒಳಗೆ ತರಬೇಕು. ಹಸಿರು ಕಿಲುಬು ಹಿಡಿದರೆ ಗೋದಾಮಿನಲ್ಲಿ ಬಿದ್ದ ಮಾಲಿನ ಹಾಗೆ ಕಾಣುತ್ತದೆ.

ನಿರ್ದೇಶಕರಿಗೆ ರಕ್ತ ಬೇಕಂತೆ. ರಾಣೆಯವರಿಗೆ ಗಾಯ ಆಗಿದ್ದು ನಿಜ. ಆದರೆ ಒಣಗಿದ ರಕ್ತ ಕುಂಕುಮದ ಬಣ್ಣ ಅಲ್ಲ, ಕಂದು. ಈ ವಾದ ಇನ್ನೂ ಮುಗಿದಿಲ್ಲ.

ಮುಂದೆ ಬೂಟು. ಪಾತ್ರ ಮಾಡುವ ಹುಡುಗ ಅದನ್ನು ಒದ್ದೆ ಮಾಡಿ ಹಾಕಿಕೊಂಡು, ಒಣಗುವ ತನಕ ಓಡಾಡಬೇಕು. ಮಡಿಕೆ ಅವನ ಕಾಲಿನದ್ದೇ ಬೀಳಲಿ. ಹೆಲ್ಮೆಟ್ಟಿನ ಅಂಚಿಗೆ ಪೆನ್ಸಿಲ್ ಸೀಸದ ಪುಡಿ ಉಜ್ಜುವ ಯೋಚನೆ ಇದೆ. ರಂಗದ ದೀಪದಲ್ಲಿ ಹೇಗೆ ಕಾಣುತ್ತದೆ ಅಂತ ನೋಡಿ ಹೇಳುತ್ತೇನೆ.